ಮರದ ಸೇತುವೆಯೊಳಗೆ ನಿಂತ ಕಾರು

ನನ್ನ ಗಂಡ ಪರದೇಶದಲ್ಲಿ ನಾವಿದ್ದ ಮೆಟುಚೆನ್ ಊರಿನಿಂದ ರೈಲಿನಲ್ಲಿ ಆಫೀಸಿಗೆ ಹೋಗುತ್ತಿದ್ದರು. ಕಾರು ದಿನವಿಡೀ ಮನೆ ಮುಂದೆ, ನಾನು ಮನೆ ಒಳಗೆ. ಕೈಯಲ್ಲಿ ಲರ್ನರ್ಸ್ ಪರ್ಮಿಟ್ ಇತ್ತು. ಆದರೆ ಪಕ್ಕದಲ್ಲಿ ಅವರಿಲ್ಲದೆ ಓಡಿಸುವಂತಿಲ್ಲ, ಅವರಿದ್ದರೆ ಓಡಿಸಲು ಬಿಡುವುದಿಲ್ಲ. ಧಾರವಾಡದಿಂದ ಅತ್ತೆ ಬಂದಾಗ ಮಾತ್ರ ಗಂಡನಿಗೆ ಅದೇನು ಔದಾರ್ಯವೋ, ಹಳ್ಳಿ ಕಡೆಯ ಮರದ ಸೇತುವೆಯವರೆಗೆ ನೆಟ್ಟಗೆ ಓಡಿಸಿದರೆ ಲೈಸೆನ್ಸಿನ ರೋಡ್ ಟೆಸ್ಟ್ ಬುಕ್ ಮಾಡುತ್ತೇನೆ ಎಂದರು. ತಾಯಿಯ ಎದುರು ಆಡಿದ ಮಾತು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ನಾನು ಓಡಿಸುತ್ತಿದ್ದೆ; ದಾರಿಯುದ್ದಕ್ಕೂ ಗಂಡನ ಬಾಯಲ್ಲಿ ಆ ಸೇತುವೆಯದೇ ಕಥೆ. ಕುದುರೆಗಾಡಿಗಳ ಕಾಲದ್ದಂತೆ. ಮರ ಮಳೆಗೆ, ಹಿಮಕ್ಕೆ ಕೊಳೆಯಬಾರದೆಂದು ಮೇಲೊಂದು ಸೂರು, ಎರಡೂ ಬದಿಗೆ ಹಲಗೆಯ ಗೋಡೆ. ಒಮ್ಮೆ ಕುಸಿದಾಗ ಕಾಂಕ್ರೀಟಿನದು ಕಟ್ಟಲು ಹೊರಟವರ ಜೊತೆ ಊರವರು ಜಗಳಾಡಿ, ಹಳೇ ತೊಲೆಗಳನ್ನು ಆದಷ್ಟು ಉಳಿಸಿಕೊಂಡು ಮತ್ತೆ ನಿಲ್ಲಿಸಿದರಂತೆ. ಒಂದು ಮುದಿ ಸೇತುವೆಗಾಗಿ ಇಡೀ ಊರೇ ಜಗಳಕ್ಕಿಳಿದಿತ್ತು. ನನಗೆ ಹೊಟ್ಟೆಕಿಚ್ಚಾಯಿತು.

ಒಳಗೆ ಮಬ್ಬುಗತ್ತಲೆ, ಒಂದೇ ಗಾಡಿ ಹಿಡಿಸುವಷ್ಟು ಅಗಲ. ನಡುಮಧ್ಯಕ್ಕೆ ಬಂದಾಗ ಹಿಂದಿನ ಸೀಟಿನಿಂದ ಅತ್ತೆ, "ಗಾಡಿ ನಿಲ್ಲಸ ತಂಗಿ, ಹೊಳಿಗೆ ರೊಕ್ಕ ಹಾಕಬೇಕು" ಎಂದರು. ಹೊಳೆ ದಾಟುವಾಗ ಕಾಸು ಹಾಕುವುದು ನನಗೂ ಚಿಕ್ಕಂದಿನ ರೂಢಿ. ಯೋಚಿಸದೆ ಬ್ರೇಕ್ ಒತ್ತಿದೆ. ಗೋಡೆಯಿಂದಾಗಿ ನೀರೇ ಕಾಣದು. ಅತ್ತೆ ಇಳಿದು, ಬಗ್ಗಿ, ಹಲಗೆಗಳ ನಡುವೆ ಸಂದು ಹುಡುಕತೊಡಗಿದರು. ಅಷ್ಟರಲ್ಲಿ ಎದುರಿನಿಂದ ಒಂದು ಪಿಕಪ್ ಟ್ರಕ್ ಒಳಗೆ ಬಂತು, ನಮ್ಮ ಹಿಂದೆ ಇನ್ನೊಂದು ಕಾರು ಬಂದು ನಿಂತಿತು.

"ನಾ ಹೇಳಿದ್ನಿಲ್ಲ, ನಿನ್ನ ಕೈಲೆ ಆಗಂಗಿಲ್ಲ ಅಂತ? ಇಳಿ," ಎಂದರು ಗಂಡ.

ನಾನು ಸ್ಟೀರಿಂಗ್ ಬಿಡಲಿಲ್ಲ. ಟ್ರಕ್ಕಿನ ಅಜ್ಜ ಹಾರ್ನ್ ಕೂಡ ಮಾಡದೆ ನಿಧಾನವಾಗಿ ರಿವರ್ಸ್ ತೆಗೆದುಕೊಂಡು ಸೇತುವೆಯ ಆಚೆ ಬದಿಗೆ ಸರಿದು, ಕಿಟಕಿಯಿಂದ ಕೈ ಚಾಚಿ ಬಾ ಎಂದು ಸನ್ನೆ ಮಾಡಿದ. ಅತ್ತೆ ಕಾಸು ಹಾಕಿ ಬಂದು ಕುಳಿತಾಗಿತ್ತು. ಎದುರಿಗೆ ನೇರ ದಾರಿ, ತುದಿಯಲ್ಲಿ ಬಿಸಿಲು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕಿತ್ತು.

"ಇಳಿ ಅಂದೆ," ಎಂದರು ಗಂಡ, ದನಿ ಏರಿಸದೆ.

ಇಳಿದೆ. ಗೋಡೆಗೆ ಮೈ ಒತ್ತಿಕೊಂಡು ಸುತ್ತಿ ಬಂದು ಅವರ ಸೀಟಿನಲ್ಲಿ ಕುಳಿತೆ. ಸೇತುವೆ ದಾಟಿದಾಗ ಗಂಡ ಆ ಅಜ್ಜನಿಗೆ ನಗುತ್ತ ಕೈ ಬೀಸಿದರು. ಟೆಸ್ಟಿನ ಮಾತು ಯಾರೂ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಪಕ್ಕದಲ್ಲಿ ನಿಂತರು. ಬೈಯುವ ದನಿಯಲ್ಲ, ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಆ ಅಜ್ಜ ದಾರಿ ಬಿಟ್ಟಿದ್ದ. ನೀ ಯಾಕ ಇಳದಿ?"