ಮಗ್ಗ ನಿಂತ ಅರ್ಧ ಗಂಟೆ

ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಎಲ್ಲರೂ ಬಾಯಿಗೆ ಬಂದಂತೆ ಬೈಯುತ್ತಾರೆ. ಖುಷಿಪಡುವ ಮನುಷ್ಯ ನಾನೊಬ್ಬನೇ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡವನು ಹೀಗೆ ಹೇಳಿದರೆ ಜನ ನಗುತ್ತಾರೆ. ಆದರೆ ಮಗ್ಗ ಓಡುವಾಗ ಮನೆಯ ನೆಲವೇ ನಡುಗುತ್ತದೆ. ಮೇಜಿನ ಮೇಲೆ ಬಿಚ್ಚಿಟ್ಟ ಕೈಗಡಿಯಾರದ ಸ್ಕ್ರೂಗಳು ತಾವಾಗಿಯೇ ಅಂಚಿನ ಕಡೆಗೆ ಹೊರಡುತ್ತವೆ. ಐವತ್ತು ದಾಟಿದ ಮೇಲೆ ಫೋನಿನಲ್ಲಿ ವಿಡಿಯೋ ನೋಡಿ ಹತ್ತಿಸಿಕೊಂಡ ಈ ರಿಪೇರಿ ಹುಚ್ಚಿಗೆ ನಮ್ಮ ಮನೆಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಸಂತೆಯಲ್ಲಿ ಸಿಕ್ಕ ಹಳೇ ಗಡಿಯಾರಗಳನ್ನು ಬಿಚ್ಚಿ ಕೆಡಿಸುತ್ತಿದ್ದಷ್ಟು ದಿನ ಯಾರ ತಕರಾರೂ ಇರಲಿಲ್ಲ. ತೂಬಗೆರೆಯಿಂದ ಅಕ್ಕ ಬಂದು ಭಾವನ ಗಡಿಯಾರವನ್ನು ಮುಂದಿಟ್ಟಾಗ ಕಷ್ಟ ಶುರುವಾಯಿತು. ಭಾವ ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕೀ ಕೊಟ್ಟಿರಲಿಲ್ಲ. ಮಗನ ಮದುವೆಯಲ್ಲಿ, ಧಾರೆಗೆ ಮೊದಲು, ಅದನ್ನು ಅವನ ಕೈಗೆ ಕಟ್ಟಬೇಕು, ಅದು ಓಡುತ್ತಿರಬೇಕು ಎಂದಳು. ಅಂಗಡಿಗೆ ಕೊಡು ಎಂದೆ.

"ಅಂಗಡಿಯವ್ರಿಗೆ ಇದು ಹತ್ತರ ಜೊತೆ ಹನ್ನೊಂದು ಕಣೋ. ನಿನ್ ಕೈಲಿದ್ರೆ ನಂಗೆ ಧೈರ್ಯ," ಎಂದಳು.

ಒಲ್ಲೆ ಎನ್ನಲಾಗಲಿಲ್ಲ. ಬಿಚ್ಚಿ, ತೊಳೆದು, ಒಣಗಿಸಿ, ಒಂದೊಂದೇ ಚಕ್ರ ಕೂರಿಸಿದೆ. ಉಳಿದದ್ದು ಅತ್ತಿತ್ತ ಹೊರಳುವ ಕೊನೆಯ ಚಕ್ರ. ಅದರ ಅಚ್ಚಿನ ತುದಿ ರೇಷ್ಮೆ ಎಳೆಯಷ್ಟು ಸಣ್ಣ. ಚೂರು ಓರೆಯಾಗಿ ಒತ್ತಿದರೂ ಮುರಿಯುತ್ತದೆ. ಮುರಿದರೆ ಆ ಗಡಿಯಾರಕ್ಕೆ ಈಗ ಬಿಡಿಭಾಗ ಸಿಗುವುದಿಲ್ಲ. ನಮ್ಮ ಮಗ್ಗ ನಿಲ್ಲಿಸಿದರೂ ಅಕ್ಕಪಕ್ಕದವರ ಮಗ್ಗಕ್ಕೆ ನೆಲ ನಡುಗುತ್ತದೆ, ಹಾಗಾಗಿ ಕರೆಂಟು ಹೋದಾಗ ಕೂರಿಸೋಣವೆಂದು ಕಾದೆ. ಬೇಡದಾಗಲೆಲ್ಲ ಹೋಗುತ್ತಿದ್ದ ಕರೆಂಟು ಆ ವಾರ ಮಾತ್ರ ಹೋಗಲೇ ಇಲ್ಲ. ಅಕ್ಕ ದಿನವೂ ಫೋನ್ ಮಾಡಿ ಛತ್ರ, ಅಡುಗೆಯವರು, ಸೀರೆ ಎಲ್ಲ ಮಾತಾಡಿ ಕೊನೆಗೆ ಅದನ್ನೇ ಕೇಳುತ್ತಿದ್ದಳು. ಆಗುತ್ತಿದೆ ಎಂದು ಹೇಳಿ ಹೇಳಿ ನನಗೆ ಅನ್ನ ಸೇರದಂತಾಯಿತು.

ಮದುವೆ ಹತ್ತಿರ ಬಂದಾಗ ಹೆಂಡತಿಯೇ ನಮ್ಮ ಮಗ್ಗ ನಿಲ್ಲಿಸಿದಳು. ಅಕ್ಕಪಕ್ಕದ ಮನೆಗಳಿಗೂ, ಹಿಂದಿನ ಮನೆಗೂ ಹೋಗಿ ಅರ್ಧ ಗಂಟೆ ನಿಲ್ಲಿಸಿ ಎಂದು ಕೇಳಿಕೊಂಡು ಬಂದಳು. ಏನು ಹೇಳಿದಳೋ, ಒಬ್ಬೊಬ್ಬರಾಗಿ ನಿಲ್ಲಿಸಿದರು. ಮೇಜಿನ ಮೇಲಿನ ಸ್ಕ್ರೂಗಳು ಇಟ್ಟಲ್ಲೇ ಇದ್ದವು.

ಲೆನ್ಸನ್ನು ಕಣ್ಣಿಗಿಟ್ಟು, ಚಿಮಟದಲ್ಲಿ ಚಕ್ರ ಎತ್ತಿದೆ. ಅದು ನಡುಗುತ್ತಿತ್ತು. ಇನ್ನೂ ಯಾರ ಮನೆಯ ಮಗ್ಗ ಓಡುತ್ತಿದೆ ಎಂದು ರೇಗಿದೆ. ಯಾರದೂ ಇಲ್ಲ ಎಂದಳು ಹೆಂಡತಿ. ಮೊಣಕೈ ಊರಿದೆ, ಉಸಿರು ಬಿಗಿಹಿಡಿದೆ. ಮೇಜು ಅಲುಗುತ್ತಿರಲಿಲ್ಲ. ನಡುಗುತ್ತಿದ್ದದ್ದು ನನ್ನ ಕೈ. ಭಯವಾಯಿತು. ಭಾವನ ಗಡಿಯಾರ ಆ ಗಳಿಗೆಯಲ್ಲಿ ಮರೆತೇ ಹೋಯಿತು.

ಹೆಂಡತಿ ನನ್ನ ಕೈಯಿಂದ ಚಿಮಟ ತೆಗೆದುಕೊಂಡಳು. ಮಗ್ಗದಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕಿ ಹಾಕಿ ಪಳಗಿದ ಬೆರಳು ಅವಳದು. ನಾನು ಹೇಳುತ್ತಾ ಹೋದೆ, ಅವಳು ಕೂರಿಸಿ ಸ್ಕ್ರೂ ಬಿಗಿದಳು. ಕೀ ಕೊಟ್ಟಾಗ ಚಕ್ರ ಹೊರಳಿತು. ಗಡಿಯಾರ ಓಡತೊಡಗಿತು. ಅಷ್ಟರಲ್ಲಿ ಪಕ್ಕದ ಮನೆಯವರು ಮಗ್ಗ ಹಾಕಿದರು.

ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಇವತ್ತು ಗಾಬರಿಗೆ ಹೀಗಾಯಿತು ಎಂದೆ.

ಅವಳು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ಇವತ್ತಲ್ಲ ಕಣ್ರೀ," ಎಂದಳು. "ದೀಪಾವಳಿಯಿಂದ ನಿಮಗೆ ಕಾಫಿ ಅರ್ಧ ಲೋಟಾನೇ ಕೊಡ್ತಾ ಇದೀನಿ."