ಭಾಗೀರಥಮ್ಮ ಕೇಳಿದ್ದು ಕನ್ನಡದಲ್ಲಿ

ಚೆನ್ನೈಗೆ ಬಂದ ಮೂರನೆಯ ದಿನ ಪ್ಯಾರೀಸ್ ಕಾರ್ನರಿನಲ್ಲಿ ರಸ್ತೆ ದಾಟುತ್ತಿದ್ದೆ. ಆಟೋದವನೊಬ್ಬ ನನ್ನ ಕಾಲಬೆರಳಿಗೆ ತಾಗುವಷ್ಟು ಹತ್ತಿರ ಬ್ರೇಕ್ ಹಾಕಿ, "ಸಾವುಗಿರಾಕ್ಕಿ!" ಎಂದು ಕಿರುಚಿದ. ಅಲ್ಲಿಯವರೆಗೆ ಈ ಊರಿನ ಒಂದು ಮಾತೂ ನನಗೆ ತಿಳಿದಿರಲಿಲ್ಲ. ಇದು ಮಾತ್ರ ಪೂರ್ತಿ ತಿಳಿಯಿತು. ಸಾವು ನಮ್ಮದೇ ಪದ, ಗಿರಾಕಿಯೂ ನಮ್ಮದೇ. ಇಲ್ಲಿ ಅದು ಬೀದಿಯ ಬೈಗುಳ, ದಿನಕ್ಕೆ ಹತ್ತು ಸಲ ಕೇಳಿಸುವಂಥದ್ದು ಎಂದು ಆಮೇಲೆ ಗೊತ್ತಾಯಿತು. ಆದರೆ ಅವತ್ತು ಬರಿಯ ಬೈಗುಳ ಅನ್ನಿಸಲಿಲ್ಲ. ಮರುದಿನವೇ ರಾಯಪುರಂನ ಒಂದು ಹಾಸ್ಪಿಸ್‌ನಲ್ಲಿ ಕೆಲಸಕ್ಕೆ ಸೇರುವವಳಿದ್ದೆ. ಗುಣವಾಗದ ಕಾಯಿಲೆಯವರು ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲೆಂದು ಇರುವ ಮನೆ ಅದು.

ಗಂಡನಿಗೆ ಅಂಬತ್ತೂರಿನ ಕಾರ್ಖಾನೆಗೆ ವರ್ಗವಾಗಿತ್ತು. ನಾನು ಧಾರವಾಡದಲ್ಲಿ ಸಮಾಜಕಾರ್ಯ ಓದಿದವಳು. ಸಿಕ್ಕಿದ ಕೆಲಸದ ಹೆಸರು ಲಿಯೇಸನ್. ಎಂದರೆ ದೊಡ್ಡ ಆಸ್ಪತ್ರೆಗೂ ನಮ್ಮ ಮನೆಗೂ ನಡುವೆ ಓಡಾಡುವವಳು. ಡಾಕ್ಟರು ಅರ್ಧ ಹೇಳಿ ಬಿಟ್ಟ ಮಾತನ್ನು ಮನೆಯವರಿಗೆ ಪೂರ್ತಿ ಹೇಳುವವಳು. ರಾಣೆಬೆನ್ನೂರಿನಿಂದ ಅವ್ವ ಫೋನಿನಲ್ಲಿ, "ಸಾಯೋರ ನಡಕ ನಿಂದೇನವ್ವಾ ಕೆಲಸ? ಬ್ಯಾರೆ ಏನೂ ಸಿಗಲಿಲ್ಲೇನು?" ಎಂದು ಅತ್ತಳು. ಬಾಡಿಗೆಗೆ ನೋಡಿದ ಮೊದಲ ಮನೆಯ ಒಡತಿ ನನ್ನ ಕೆಲಸ ಕೇಳಿದವಳೇ ಕೀಲಿಕೈ ವಾಪಸು ಇಸಿದುಕೊಂಡಳು. ಎರಡನೆಯ ಮನೆಯಲ್ಲಿ ಬಾಗಿಲಲ್ಲೇ ನಿಂತು ನಾನೇ ಹೇಳಿದೆ: ಕೆಲಸ ಇಂಥದ್ದು, ಕೊಡುವುದಾದರೆ ಕೊಡಿ. ಕೊಟ್ಟರು.

ನಮ್ಮ ಊರಲ್ಲಿ ಒಬ್ಬರು ಹೊರಟರೆಂದರೆ ಓಣಿಯೇ ಮಂಚದ ಸುತ್ತ ಸೇರುತ್ತದೆ. ಒಬ್ಬರು ನೀರು ಬಿಡುತ್ತಾರೆ, ಒಬ್ಬರು ವಚನ ಹೇಳುತ್ತಾರೆ. ಇಲ್ಲಿ ಸತ್ತ ಮೇಲೆ ಬೀದಿಯುದ್ದಕ್ಕೂ ಹೂವು, ತಮಟೆ, ಕುಣಿತ. ಸಾಯುವ ಮುನ್ನ ದೊಡ್ಡಾಸ್ಪತ್ರೆಯ ಗಾಜಿನ ಬಾಗಿಲು, ದಿನಕ್ಕೆ ಐದು ನಿಮಿಷದ ಭೇಟಿ. ನಗರವೆಂದರೆ ಎಲ್ಲೆಡೆಯೂ ಹೀಗೇ ಇರಬಹುದು. ನಾನು ಮೊದಲು ನೋಡಿದ್ದು ಇಲ್ಲಿ.

ಆರು ವರ್ಷದಲ್ಲಿ ತಮಿಳು ನಾಲಿಗೆಗೆ ಕುಳಿತಿತ್ತು. ಒಂದು ಮಧ್ಯಾಹ್ನ ದೊಡ್ಡ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಬೇರೊಬ್ಬ ರೋಗಿಯನ್ನು ನೋಡಲು ಹೋಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಎಪ್ಪತ್ತು ದಾಟಿದ ಹೆಂಗಸು. ಮೂಗಿನಲ್ಲಿ ನಳಿಗೆ, ಎರಡೂ ಕೈ ಮಂಚದ ಸರಳಿಗೆ ಕಟ್ಟಿತ್ತು. ಏನೋ ಗೊಣಗುತ್ತಿದ್ದರು. ನರ್ಸ್ ನನ್ನತ್ತ ತಿರುಗಿ, "ಉಳರ್ರಾಂಗ, ಕಂಡುಕ್ಕಾದೀಂಗ" ಎಂದಳು. ಬಡಬಡಿಸುತ್ತಿದ್ದಾರೆ, ಗಮನ ಕೊಡಬೇಡಿ ಎಂದು.

ನಾನು ಕೊಟ್ಟೆ. ಅದು ಕುಂದಾಪುರದ ಕನ್ನಡ.

"ಮೂಗ್ ಕೆರ್ಸತ್ತ್. ಒಂದ್ಸಲ ಕೈ ಬಿಡಿ ಮಾರಾಯ್ರೆ."

"ಅಮ್ಮಾ, ನಾ ಕೆರೀಲೇನ್ರಿ?" ಎಂದೆ.

ಕಣ್ಣು ಬಿಟ್ಟರು. "ಕನ್ನಡದೋಳಾ ನೀನ್? ಮೊದ್ಲ್ ಕೆರಿ, ಮಾತ್ ಮತ್ತೆ."

ಹೆಸರು ಭಾಗೀರಥಮ್ಮ. ಪ್ಯಾರೀಸ್ ಹತ್ತಿರ ಗಂಡ ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಅಲ್ಲಿ ನಿರರ್ಗಳ ತಮಿಳು ಆಡಿದ ಬಾಯಿ, ಕಾಯಿಲೆ ಬಲಿತಂತೆ ತಮಿಳನ್ನು ಬಿಟ್ಟುಕೊಟ್ಟಿತ್ತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮರುದಿನ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕುವುದಿತ್ತು.

"ನಂಗೆ ಮರ್ಲ್ ಹಿಡಿಲಿಲ್ಲೆ," ಎಂದರು, ಹುಚ್ಚು ಹಿಡಿದಿಲ್ಲ ಎಂದು. "ಸಾಕಾಯ್ತ್, ಅಷ್ಟೆ. ಇದೆಲ್ಲ ತೆಗ್ದ್ ಗಾಳಿ ಬಪ್ಪಲ್ಲಿ ಮಲಗ್ಸಿ. ಹೇಳಿರೆ ಯಾರಿಗೂ ಅರ್ಥ ಆತಿಲ್ಲೆ."

ಡಾಕ್ಟರು ಬಂದಾಗ ನಾನು ಅಲ್ಲೇ ನಿಂತಿದ್ದೆ. "ನೀವು ಬಂದದ್ದು ಆ ಹಾಸಿಗೆಗೆ. ಇವರಿಗೆ ಚಿತ್ತಭ್ರಮೆ, ಫೈಲಿನಲ್ಲಿದೆ," ಎಂದರು.

"ಫೈಲು ಬರೆದವರು ತಮಿಳಿನಲ್ಲಿ ಕೇಳಿದ್ದಾರೆ ಸಾರ್. ಅವರು ಕನ್ನಡದಲ್ಲಿ ಉತ್ತರ ಕೊಟ್ಟಿದ್ದಾರೆ. ನೀವು ಈಗ ಕೇಳಿ, ನಾನು ತಿರುಗಿಸಿ ಹೇಳುತ್ತೇನೆ. ಅಲ್ಲಿಯತನಕ ನಾನು ಇಲ್ಲಿಂದ ಕದಲುವುದಿಲ್ಲ."

ಡಾಕ್ಟರು ಸಿಟ್ಟಿನಲ್ಲೇ ಕೇಳಿದರು: ಇದು ಯಾವ ಜಾಗ, ಯಾವ ತಿಂಗಳು, ಮಗನ ಹೆಸರೇನು. ಒಂದೂ ತಪ್ಪಲಿಲ್ಲ. ನಾಳೆ ಏನು ಮಾಡುತ್ತಾರೆ ಗೊತ್ತೇ ಎಂದಾಗ, "ಗೊತ್ತಿತ್ತ್. ಅದ್ ಬ್ಯಾಡ," ಎಂದರು. ಡಾಕ್ಟರು ತಾವೇ ಬಗ್ಗಿ ಕೈಯ ಕಟ್ಟು ಬಿಚ್ಚಿದರು.

ಅಷ್ಟರಲ್ಲಿ ಯಾರೋ ದೂರು ಕೊಟ್ಟಿದ್ದರು. ನಮ್ಮ ಮೇಲಧಿಕಾರಿಣಿ ಫೋನ್ ಮಾಡಿ, "ನೀನು ನಡುವಿನವಳು, ಪಕ್ಷ ಹಿಡಿಯಬಾರದು" ಎಂದರು. "ಮೇಡಂ, ಒಂದು ಕಡೆಯವರ ಕೈ ಕಟ್ಟಿತ್ತು," ಎಂದೆ. "ಮಗನನ್ನು ಕಂಡು ಬಾ," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಮಗ ರಘು ಹೊರಗಿನ ಬೆಂಚಿನ ಮೇಲಿದ್ದ. ಇಲ್ಲೇ ಹುಟ್ಟಿ ಓದಿದವನು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವವನು. "ಟ್ರೀಟ್‌ಮೆಂಟ್ ನಿರುತ್ತಿನಾ ಸೊಂದಕ್ಕಾರಂಗ ಎನ್ನ ಸೊಲ್ಲುವಾಂಗ?" ಎಂದ. ಚಿಕಿತ್ಸೆ ನಿಲ್ಲಿಸಿದರೆ ನೆಂಟರು ಏನಂದಾರು ಎಂಬ ಭಯ. ನನಗೆ ತಡೆಯಲಾಗಲಿಲ್ಲ. "ದಿನಾ ಐದು ನಿಮಿಷ ಒಳಗೆ ಹೋಗ್ತಿದ್ದಿರಲ್ಲ. ನಿಮ್ಮ ತಾಯಿ ಏನು ಕೇಳ್ತಿದ್ದರು ಅಂತ ನಿಮಗೂ ತಿಳೀಲಿಲ್ಲವೇ?"

"ಪುರಿಂಜುದು," ಎಂದ. ತಿಳಿಯಿತು. "ಪುರಿಯಾದ ಮಾದಿರಿ ಇರುಂದೇನ್." ತಿಳಿಯದವನ ಹಾಗೆ ಇದ್ದೆ.

ಜಗಳಕ್ಕೆ ಸಿದ್ಧಳಾಗಿ ಹೋಗಿದ್ದವಳು ಅವನ ಪಕ್ಕ ಕುಳಿತುಬಿಟ್ಟೆ. ಮರುದಿನ ಅವನೇ ಸಹಿ ಹಾಕಿ ತಾಯಿಯನ್ನು ರಾಯಪುರಂಗೆ ಕರೆತಂದ.

ಭಾಗೀರಥಮ್ಮ ನಮ್ಮಲ್ಲಿ ಹನ್ನೊಂದು ದಿನ ಇದ್ದರು. ಮೊದಲ ದಿನವೇ ಮೀನುಬಂದರಿನ ಕಡೆಯ ಕಿಟಕಿ ತೆರೆಸಿ ನನ್ನನ್ನು ಬೈದರು: "ಹೆಣ್ಣೇ, ಗಾಳಿ ಅಂದಿದ್ದೆ. ಮೀನಿನ ಗಾಳಿ ಅಂದಿದ್ನಾ?" ಆದರೂ ಕಿಟಕಿ ಮುಚ್ಚಗೊಡಲಿಲ್ಲ. ರಘು ತಾನೇ ಗಂಜಿ ಮಾಡಿ ತರುತ್ತಿದ್ದ; ಅದಕ್ಕೆ ಉಪ್ಪು ಕಮ್ಮಿ ಎಂದು ದಿನವೂ ತಕರಾರು. ಮಾರ್ಫಿನ್ ಹನಿಯಿಂದ ನೋವು ತಗ್ಗಿತ್ತು. ಹನ್ನೊಂದನೆಯ ಬೆಳಿಗ್ಗೆ, ಹತ್ತರ ಹೊತ್ತಿಗೆ, ಕಣ್ಣು ಮುಚ್ಚಿಕೊಂಡೇ "ಮಗಾ?" ಎಂದರು. "ಇಲ್ಲೇ ಇದ್ದೆ ಅಮ್ಮ," ಎಂದ ಅವನು. ನಮ್ಮ ಕಡೆಯ ಕನ್ನಡದಲ್ಲಿ 'ಇದ್ದೆ' ಎಂದರೆ ಮುಗಿದ ಮಾತು. ಅವರದರಲ್ಲಿ 'ಇದ್ದೇನೆ' ಎಂದು. ಅವರು ಮತ್ತೆ ಕರೆಯಲಿಲ್ಲ.

ನೆಂಟರೊಬ್ಬರು ಅಂಗಳದಲ್ಲಿ ನನ್ನನ್ನು ತಡೆದು, "ನೀವೇ ಬೇಗ ಕಳಿಸಿಬಿಟ್ರಿ," ಎಂದರು. "ಅವರು ಹೊರಟಿದ್ದರು. ನಾನು ಬಾಗಿಲು ಬಿಟ್ಟೆ," ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಆ ವಾರ ನಮ್ಮ ದಾಖಲಾತಿ ಹಾಳೆಗೆ ಎರಡು ಸಾಲು ಸೇರಿಸಿದೆ: ಚಿಕ್ಕಂದಿನಲ್ಲಿ ಮನೆಯಲ್ಲಿ ಆಡಿದ ಮಾತು ಯಾವುದು? ಕೊನೆಗೆ ಎಲ್ಲಿಗೆ ಒಯ್ಯಬೇಕು? ಹಾಳೆ ಉದ್ದವಾಯಿತೆಂದು ಕಚೇರಿಯಲ್ಲಿ ಹೊಡೆದುಹಾಕಿದರು. ನಾನು ಮತ್ತೆ ಬರೆದೆ. ಮೂರನೆಯ ಸಲಕ್ಕೆ ಅವರೇ ಸೋತರು.

ಹೊಸ ಹಾಳೆ ಅಚ್ಚಾಗಿ ಬಂದ ದಿನ ಒಂದನ್ನು ನನ್ನ ಹೆಸರಲ್ಲೇ ತುಂಬಿ ನೋಡಿದೆ. ಮಾತಿನ ಸಾಲಿಗೆ ತಡವಾಗಲಿಲ್ಲ: ಕನ್ನಡ. ಎಲ್ಲಿಗೆ ಒಯ್ಯಬೇಕು ಎಂಬಲ್ಲಿ ಪೆನ್ನು ನಿಂತಿತು. ರಾಣೆಬೆನ್ನೂರು ಎಂದು ಬರೆದರೆ ಈ ಆರು ವರ್ಷ ಸುಳ್ಳಾಗುತ್ತದೆ. ರಾಯಪುರಂ ಎಂದರೆ ಅವ್ವನ ಮುಖ ಕಣ್ಣೆದುರು ಬರುತ್ತದೆ. ಖಾಲಿ ಬಿಟ್ಟೆ. ಅದನ್ನು ಕೇಳಲು ಒಂದು ದಿನ ಯಾರಾದರೂ ನನ್ನ ಮಂಚದ ಬಳಿ ಬರಲೇಬೇಕು. ಬರಲಿ. ಕನ್ನಡ ಕಲಿತು ಬರಲಿ.