ನಾಬ್ ಇಲ್ಲದ ಗಿಟಾರಿನ ಅಕ್ಕ

ಹೋದ ವಾರ ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾವು ಮೂವರಿದ್ದೆವು. ಅಂಗಡಿಯವನು, ಚಾರ್ಜರ್ ಸರಿಯಿಲ್ಲವೆಂದು ಜಗಳಕ್ಕೆ ಬಂದಿದ್ದ ಮೇಗುಂದದವರೊಬ್ಬರು, ಫೋನ್ ಬಿಚ್ಚಿಸಿಕೊಂಡು ಕೂತ ನಾನು. ಅಂಗಡಿಯವನು ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಸಣ್ಣಗೆ ಹೊಗೆ ಎದ್ದಿತು. ಆ ಸುಟ್ಟ ರಾಳದ ವಾಸನೆ ಮೂಗಿಗೆ ಬಂದದ್ದೇ ತಡ, ಜಗಳವೂ ಕೇಳಿಸಲಿಲ್ಲ, ಫೋನೂ ನೆನಪಾಗಲಿಲ್ಲ... ಅಕ್ಕ ಕಣ್ಣ ಮುಂದೆ ಬಂದು ಕೂತಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಾನು ಡ್ರಮ್ಸ್ ಬಾರಿಸುತ್ತಿದ್ದ ಆರ್ಕೆಸ್ಟ್ರಾದಲ್ಲಿ ಗಿಟಾರಿನವಳು, ನರಸಿಂಹರಾಜಪುರದ ಕಡೆಯವಳು, ನನಗಿಂತ ತುಸು ದೊಡ್ಡವಳು. ಎಡಚಿ. ಚಿಕ್ಕಂದಿನಲ್ಲಿ ಉಣ್ಣುವಾಗ ಅವಳ ಅಜ್ಜಿ ಎಡಗೈಯನ್ನು ಬಟ್ಟೆಯಿಂದ ಕಟ್ಟಿಹಾಕುತ್ತಿದ್ದರಂತೆ. ಊಟವೊಂದು ಬಲಗೈಗೆ ಬಂತು, ಉಳಿದದ್ದು ಬರಲಿಲ್ಲ.

ಎಡಗೈಯವರ ಗಿಟಾರ್ ಆಗ ಶಿವಮೊಗ್ಗದಲ್ಲೂ ಸಿಗುತ್ತಿರಲಿಲ್ಲ. ಯಾರೋ ಬಳಸಿ ಬಿಟ್ಟ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ತಂದು, ತಿರುಗಿಸಿ ಹಿಡಿದು, ತಂತಿಗಳನ್ನು ಅದಲುಬದಲು ಮಾಡಿಕೊಂಡಳು. ಕ್ಯಾಸೆಟ್ಟಿನಲ್ಲಿ ಕೇಳಿದ ರಾಕ್ ಬ್ಯಾಂಡುಗಳಲ್ಲೂ ಹಾಗೆ ತಿರುಗಿಸಿ ಹಿಡಿಯುವವರಿದ್ದಾರೆಂದು ಎಲ್ಲೋ ಓದಿ ಧೈರ್ಯ ತಂದುಕೊಂಡಿದ್ದಳು. ಆದರೆ ಹಾಗೆ ಹಿಡಿದರೆ ಕೆಳಗಿರಬೇಕಾದ ವಾಲ್ಯೂಮ್ ನಾಬ್ ಮೇಲೆ ಬರುತ್ತದೆ. ಬಾರಿಸುವಾಗ ಮುಂಗೈ ತಾಗಿ ಅದು ತಿರುಗಿ, ಹಾಡಿನ ಮಧ್ಯೆ ಸದ್ದೇ ಮಾಯ. ಒಂದು ಸಂಜೆ ನಮ್ಮೆದುರೇ ನಾಬುಗಳನ್ನೆಲ್ಲ ಕಿತ್ತು, ಇದೇ ರಾಳದ ಹೊಗೆ ಎಬ್ಬಿಸುತ್ತ ಒಳಗಿನ ವೈರನ್ನು ನೇರವಾಗಿ ಬೆಸೆದುಬಿಟ್ಟಳು.

"ಇನ್ನು ಸೌಂಡ್ ಕಮ್ಮಿ ಮಾಡೋದು ಹೆಂಗೆ ಮಾರಾಯ್ತಿ?" ಎಂದರು ಆರ್ಕೆಸ್ಟ್ರಾ ಕಟ್ಟಿದ ನಮ್ಮ ಮೇಷ್ಟ್ರು.

"ಕಮ್ಮಿ ಮಾಡ್ಲಿಕ್ಕೆ ಬೆರಳಿಲ್ವಾ ಮೇಷ್ಟ್ರೇ?"

ಹಾಗೇ ಮಾಡಿದಳು. ಭಾವಗೀತೆಗೆ ಬೆರಳ ಮೆತ್ತನೆ ತುದಿಯಿಂದ ಸವರಿದರೆ ಹಾಡುವವರ ಉಸಿರೂ ಕೇಳಿಸುತ್ತಿತ್ತು. ಕೊನೆಗೆ ಸ್ವಲ್ಪ ಹೊತ್ತು ಅವಳದ್ದೇ ರಾಕ್. ಅದಕ್ಕೆ ಉಗುರು. ಪೆಂಡಾಲಿನ ತಗಡು ನಡುಗುತ್ತಿತ್ತು. ಅಂಥ ಕೈ ಆ ಗಿಟಾರಿನಿಂದಲೇ ತಯಾರಾದದ್ದು. ನಾಬ್ ಇದ್ದಿದ್ದರೆ ಅವಳೂ ಎಲ್ಲರಂತೆ ಅದನ್ನೇ ತಿರುಗಿಸಿಕೊಂಡು ಇದ್ದುಬಿಡುತ್ತಿದ್ದಳೋ ಏನೋ...

ಶೃಂಗೇರಿ ಕಡೆಯ ಒಂದೂರಿನ ಗಣಪತಿ ಪೆಂಡಾಲಿಗೆ ಹೋಗಿದ್ದೆವು. ವೈರ್ ಎಳೆಯುತ್ತಿದ್ದಾಗ ಸಮಿತಿಯ ಯಜಮಾನರು ಬಂದು ಅಕ್ಕನನ್ನೇ ನೋಡಿದರು.

"ಇದೆಂತ, ಎಡಗೈಲಿ ಬಾರಿಸೋದು? ದೇವರ ಎದುರು ಆಗಲ್ಲ. ಬಲಗೈಲಿ ಬಾರಿಸಲಿ, ಇಲ್ದಿದ್ರೆ ಈ ಹುಡುಗಿ ಕೆಳಗೆ ಕೂರಲಿ."

ಮೇಷ್ಟ್ರ ಮುಖ ಸಣ್ಣಗಾಯಿತು. ಇವತ್ತು ಇಳಿದರೆ ಮತ್ತೆ ಯಾವ ವೇದಿಕೆಯೂ ಅವಳಿಗಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಇಂಥ ಸುದ್ದಿ ನಮ್ಮ ವ್ಯಾನಿಗಿಂತ ಮೊದಲೇ ಮುಂದಿನ ಊರು ಸೇರುತ್ತದೆ.

ಅಕ್ಕ ಗಿಟಾರ್ ಇಳಿಸಲಿಲ್ಲ. "ಯಜಮಾನ್ರೇ, ಬೆಳಗ್ಗೆ ಪೂಜೆಗೆ ಚೆಂಡೆ ಇತ್ತಂತಲ್ಲ. ಅವ್ರು ಎರಡೂ ಕೈಲಿ ಬಡೀತಾರೆ. ಎಡಗೈ ಕಟ್ಟಿ ಹಾಕಿದ್ರಾ?"

"ಅದು ಬೇರೆ."

"ಎಂತ ಬೇರೆ? ನನ್ನ ಬಲಗೈ ಸುಮ್ನೆ ಕೂತಿದ್ಯಾ? ಅದು ತಂತಿ ಒತ್ತುತ್ತೆ, ಇದು ಮೀಟುತ್ತೆ. ಕಟ್ಟೋದಾದ್ರೆ ಎರಡೂ ಕಟ್ಟಿ. ನಾನಾಗಿ ಇಳಿಯಲ್ಲ."

ಮುಂದಿನ ಸಾಲಿನಲ್ಲಿ ಕೂತ ಹೆಂಗಸರು ಕಿಸಕ್ಕೆಂದರು. ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ನನ್ನತ್ತ ತಿರುಗಿ "ಹೊಡಿ" ಎಂದರು. ಹೊಡೆದೆ. ಅಕ್ಕ ಅವತ್ತು ಭಾವಗೀತೆಗೆ ಕಾಯಲಿಲ್ಲ, ರಾಕಿನಿಂದಲೇ ಶುರು ಮಾಡಿದಳು. ಯಜಮಾನರು ಕಮ್ಮಿ ಮಾಡು, ಕಮ್ಮಿ ಮಾಡು ಎಂದು ಕೈಸನ್ನೆ ಮಾಡುತ್ತಲೇ ಇದ್ದರು. ಅವಳ ಬೆರಳು ಆ ದಿನ ಯಾರ ಮಾತೂ ಕೇಳಲಿಲ್ಲ.

ಮುಂದಿನ ವರ್ಷ ಅದೇ ಊರಿನವರು ಕರೆದರು, ಅವಳನ್ನು ಬಿಟ್ಟು ಬನ್ನಿ ಎಂದು. ಮೇಷ್ಟ್ರು ಒಪ್ಪಲಿಲ್ಲ. ಅಕ್ಕ ಆಮೇಲೂ ಬಹಳ ವರ್ಷ ನಮ್ಮ ಜೊತೆಗಿದ್ದಳು, ಎಡಗೈಲೇ.

ಮೇಷ್ಟ್ರು ಈಗಿಲ್ಲ. ಅಕ್ಕ ಹೋದ ವರ್ಷ ತೀರಿಕೊಂಡಳು. ಅಷ್ಟು ಮೆಲ್ಲಗೆ ಗಿಟಾರ್ ಮಾತಾಡಿದ್ದನ್ನು ನಾನು ಮತ್ತೆ ಕೇಳಿಲ್ಲ, ಅಷ್ಟು ಜೋರಾಗಿಯೂ ಕೇಳಿಲ್ಲ...

ಈ ಸಲದ ಗಣಪತಿಗೆ ಅದೇ ಊರಿನ ಸಮಿತಿಯವರು ನನ್ನನ್ನೂ ನಮ್ಮ ಗಾಯಕನನ್ನೂ ಹುಡುಕಿಕೊಂಡು ಬಂದರು. ಹಿರಿಯ ಕಲಾವಿದರಿಗೆ ಶಾಲು ಹೊದೆಸುತ್ತಾರಂತೆ. ಆಮಂತ್ರಣದಲ್ಲಿ ಅಕ್ಕನ ಹೆಸರು ಮೊದಲು ಹಾಕಿದರೆ ಬರುತ್ತೇವೆ ಎಂದೆವು. ದೊಡ್ಡವರನ್ನು ಕೇಳಿ ಹೇಳುತ್ತೇವೆ ಎಂದು ಹೋದರು. ಆಮಂತ್ರಣ ಬಂತು. ನಮ್ಮಿಬ್ಬರ ಹೆಸರು ಮಾತ್ರ ಇತ್ತು. ನಾವು ಹೋಗಲಿಲ್ಲ.